ಎಡಗಡೆಯ ಹಿಂದಿನ ಟಾಯರ್

ಜುಲೈ ೧೪, ಸೋಮವಾರ, ಕರಜಗಿ.

ಇದನ್ನು ಫೋನಿಗೇ ಹೇಳಿಕೊಳ್ಳುತ್ತಿದ್ದೇನೆ. ಹೆಂಡತಿ ಇಂದುಬಾಯಿ ಕೇಳಿದರೆ ಹೆದರುತ್ತಾಳೆ. ಮಳೆ ಬಿಸಿಲು ಎರಡಕ್ಕೂ ನಡೆಯುತ್ತವೆ ಎಂದು ಪಿಕಪ್ ಜೊತೆ ಕಂಪನಿಯವರೇ ಕೊಟ್ಟ ನಾಲ್ಕು ಟಾಯರುಗಳಲ್ಲಿ ಎಡಗಡೆಯ ಹಿಂದಿನದು ಮಾತ್ರ ಬೋಳಾಗಿತ್ತು. ಮೊನ್ನೆ ಮಳೆಯಲ್ಲಿ ಅಕ್ಕಲಕೋಟ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಹಿಂಭಾಗ ಜಾರಿತು. ಎದುರಿನ ಎಸ್‌ಟಿ ಬಸ್ಸಿಗೆ ಇನ್ನೇನು ಬಡಿಯಬೇಕಿತ್ತು.

ಇವತ್ತು ಸೊಲ್ಲಾಪುರದ ಟಾಯರ್ ಅಂಗಡಿಯ ಧರೆಪ್ಪ ಕೇಳಿದ: "ಕಾಕಾ, ಈ ಮೂಲ್ಯಾಗ ಯಾವ ಪೈಲವಾನನ್ನ ನಿಂದರಸ್ತೀರಿ?"

"ಬರೇ ಕುರಿ ಒಯ್ತೀನೋ. ಅವೂ ಆ ಮೂಲಿಗಿ ಹೋಗಂಗಿಲ್ಲ, ಎಲ್ಲಾ ಬಲಕ್ಕ ಒತ್ತಿ ನಿಂದರ್ತಾವ."

"ಹಂಗಾದ್ರ ಬಲಗಡಿದು ಸವೀಬೇಕಿತ್ತಲ್ರಿ!" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಆ ಮೂಲೆಯಲ್ಲಿ ನಿಂತು ಕುರಿ ಕಾಯುತ್ತಿದ್ದವನು ನನ್ನ ತಮ್ಮ ಗುರುಸಿದ್ಧ. ಹೊಸ ಗಾಡಿ ಬಂದ ದಿನ ಆ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟವನೂ ಅವನೇ. ಹೋದ ವರ್ಷ ತೀರಿಕೊಂಡ.

ಹೊಸ ಟಾಯರ್ ಹಾಕಿಸಿದೆ. ಹಳೆಯದನ್ನು ಬಿಟ್ಟುಬರಲು ಮನಸ್ಸಾಗದೆ ನನ್ನ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡೆ. ಆಮೇಲೆ ಸಂತೆಯಲ್ಲಿ ಕೊಂಡ ಕುರಿಗಳು ದಾರಿಯುದ್ದಕ್ಕೂ ಗಾಡಿ ತುಂಬ ಹರಡಿ ನಿಂತವು. ಮನಸ್ಸು ಹಗುರಾಯಿತು, ತಮ್ಮ ಇಳಿದುಹೋದನಲ್ಲ ಎಂದು ಸಂಕಟವೂ ಆಯಿತು.

ಸಂಜೆ ಆ ಟಾಯರನ್ನು ಕುರಿದೊಡ್ಡಿಯ ಬೇಲಿಗೆ ಒರಗಿಸಿದೆ. ಈಗ ಹೋಗಿ ನೋಡಿದರೆ ಕುರಿಗಳೆಲ್ಲ ಆಚೆ ತುದಿಗೆ ಸರಿದಿವೆ. ಟಾಯರಿನ ಪಕ್ಕ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಇದೆ.

"ಗುರುಸಿದ್ಧಾ, ಊಟ ಆತೇನೋ?" ಎಂದೆ, ಬಾಯಿಗೆ ಬಂದುಬಿಟ್ಟಿತು.

ಕುರಿಗಳು ಮೆಲುಕು ಹಾಕುವುದನ್ನು ನಿಲ್ಲಿಸಿದವು. ಎಲ್ಲವೂ ನೋಡಿದ್ದು ನನ್ನ ಕಡೆಗಲ್ಲ, ಆ ಖಾಲಿ ಜಾಗದ ಕಡೆಗೆ.