ಭೋಜನಕ್ಕೆ ಹೆಸರು ಕೊಟ್ಟವರು

ನರಿಮೊಗರು
೪-೪-೧೯೬೧

ಪ್ರೀತಿಯ ತಮ್ಮ ಬೆನ್ಯಾಮಿನನಿಗೆ,

ನೀನು ಮಂಗಳೂರಿನಲ್ಲಿ ಸುಖವಾಗಿದ್ದೀ ಎಂದು ನಂಬಿದ್ದೇನೆ. ದೇವರು ಇಟ್ಟ ಹಾಗೆ ನಾನೂ ಇದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದ್ದಕ್ಕೆ ಸಿಟ್ಟು ಮಾಡಬೇಡ. ಮಂಡಿನೋವು ಎಂದು ಬರೆದರೆ ನೀನು ನಂಬಿಬಿಡುತ್ತೀ, ಆದರೆ ಮಂಡಿಗೂ ಕಾಗದಕ್ಕೂ ಎಂತ ಸಂಬಂಧ? ಬರೆಯಲು ಧೈರ್ಯ ಬರಲಿಲ್ಲ, ಅಷ್ಟೆ. ಈಸ್ಟರ್ ಆರಾಧನೆಗೆ ದೇವಾಲಯ ತುಂಬಿತ್ತು. ನೀನಿಲ್ಲದೆ ಹಾಡು ಮಾತ್ರ ದಿಕ್ಕಿಗೊಂದು ಹೋಯಿತು.

ಫೆಬ್ರವರಿಯಲ್ಲಿ ನಿನ್ನನ್ನು ಕೇಳಿದ್ದೆನಲ್ಲ, ಸುವಾರ್ತೆ ಅಂದರೆ ಸರಿಯಾಗಿ ಏನು ಎಂದು. ವೇದಶಾಸ್ತ್ರದ ಶಾಲೆಯಲ್ಲಿ ಕೂತವನು ನೀನು, ನಾಲ್ಕು ಪುಟ ಬರೆದೆ. ಯೇಸು ಸಾರಿದ್ದು ದೇವರ ರಾಜ್ಯ ಹತ್ತಿರ ಬಂತೆಂಬ ಸುದ್ದಿ. ಲೂಕ ಬರೆದದ್ದರಲ್ಲಿ ಅದು ಬಡವರಿಗೆ ಶುಭಸುದ್ದಿ, ಸೆರೆಯಲ್ಲಿದ್ದವರಿಗೆ ಬಿಡುಗಡೆ. ಪೌಲನಿಗೆ ಅದು ನಮ್ಮ ಪಾಪಕ್ಕಾಗಿ ಸತ್ತು ಎದ್ದವನ ಸುದ್ದಿ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬಾರದು ಎಂದೂ ಬರೆದಿದ್ದೀ. ಸೊಗಸಾಗಿತ್ತು. ಆದರೆ ಆ ಪ್ರಶ್ನೆ ನನ್ನದಲ್ಲ, ಪೂವಮ್ಮನದು ಎಂದು ನಿನಗೆ ನಾನು ಹೇಳಿರಲಿಲ್ಲ.

ಪೂವಮ್ಮ ಮತ್ತು ಅವಳ ಗಂಡ ಮಾಯಿಲಪ್ಪ ಹೋದ ಕ್ರಿಸ್‌ಮಸ್ಸಿಗೆ ದೀಕ್ಷಾಸ್ನಾನ ಪಡೆದವರು. ಮಾಯಿಲಪ್ಪನ ಅಜ್ಜನ ಕಾಲದಿಂದಲೂ ಅವರು ನಮ್ಮ ಸಭಾಹಿರಿಯ ಸಾಲೊಮೋನಣ್ಣನ ಗದ್ದೆಯ ಆಳುಗಳು. ಗುಡಿಸಲು ಇರುವುದೂ ಅವರ ಜಾಗದಲ್ಲೇ. ಮನೆಮನೆಗೆ ಹೋಗಿ ಸತ್ಯವೇದ ಓದಿ ಹೇಳುವ ಈ ಹತ್ತೊಂಬತ್ತು ವರ್ಷದಲ್ಲಿ ಅವಳಷ್ಟು ಕಿವಿಗೊಟ್ಟು ಕೇಳುವವಳನ್ನು ನಾನು ಕಂಡಿಲ್ಲ. ಬಿಡುಗಡೆಯ ಆ ಭಾಗವನ್ನು ತುಳುವಿನಲ್ಲಿ ಬಿಡಿಸಿ ಹೇಳಿದೆ. ಅವಳು ತೆಂಗಿನ ಮಡಲು ಹೆಣೆಯುವುದನ್ನು ನಿಲ್ಲಿಸಿ, "ಇದು ನಮಗೂ ಉಂಟಾ ಅಮ್ಮ?" ಎಂದು ಕೇಳಿದಳು. ಉಂಟು ಎಂದೆ. ಹೇಳಿಯಾದ ಮೇಲೆ ಹೆದರಿಕೆಯಾಗಿ ನಿನಗೆ ಬರೆದೆ.

ಇಚಿಲಂಪಾಡಿಯಲ್ಲಿ ಕೇರಳದಿಂದ ಬಂದವರು ಕಾಡು ಕಡಿದು ರಬ್ಬರ್ ಹಾಕುತ್ತಿದ್ದಾರೆ. ಅಲ್ಲಿ ದಿನಗೂಲಿ, ಯಾರಿಗೂ ಯಾರೂ ಧನಿಯಲ್ಲ. ಮಾಯಿಲಪ್ಪ ಮಾರ್ಚಿನಲ್ಲಿ ಸಾಲೊಮೋನಣ್ಣನ ಅಂಗಳದಲ್ಲಿ ನಿಂತು, "ಇನ್ನು ನಾನು ಗದ್ದೆಗೆ ನೀರೆತ್ಲಿಕ್ಕೆ ಬರುದಿಲ್ಲ ಧನಿ. ನಮಗೆ ಬಿಡುಗಡೆ ಉಂಟಂತೆ, ದೆಬೋರಮ್ಮ ಓದಿ ಹೇಳಿದ್ದಾರೆ" ಎಂದನಂತೆ. ನೋಡು, ನನ್ನ ಹೆಸರನ್ನೂ ಸೇರಿಸಿಯೇ ಹೇಳಿದ್ದಾನೆ.

ಅದೇ ಸಂಜೆ ಸಾಲೊಮೋನಣ್ಣ ನಮ್ಮ ಜಗಲಿಗೆ ಬಂದರು. ಕೂರಲಿಲ್ಲ. "ಎಂತ ದೆಬೋರಮ್ಮ, ವೇದ ಓದ್ಲಿಕ್ಕೆ ಕಳಿಸಿದ್ರೆ ನೀವು ಆಳು ಬಿಡಿಸುದಾ? ಬಿಡುಗಡೆ ಪಾಪದಿಂದ. ಸುವಾರ್ತೆ ಆತ್ಮಕ್ಕೆ. ಓಡಿ ಬಂದ ಆಳನ್ನು ಪೌಲ ಒಡೆಯನ ಹತ್ರವೇ ತಿರುಗಿ ಕಳಿಸ್ಲಿಲ್ಲವಾ?" ಎಂದರು. ಕಳಿಸಿದ, ಆದರೆ ಆಳಾಗಿ ಅಲ್ಲ, ಅಣ್ಣನಾಗಿ ತಮ್ಮನಾಗಿ ಸೇರಿಸಿಕೋ ಎಂದು ಕಾಗದ ಕೊಟ್ಟು ಕಳಿಸಿದ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತು, ಅವತ್ತು ಅದಕ್ಕೇನಾಯಿತೋ.

ನಮ್ಮ ಸಭೆಯ ಪದ್ಧತಿ ನಿನಗೆ ಹೇಳಬೇಕಾಗಿಲ್ಲ. ಕರ್ತನ ಭೋಜನಕ್ಕೆ ಕೂರುವವರು ಹಿಂದಿನ ದಿನ ಬಂದು ಹೆಸರು ಕೊಡಬೇಕು. ಯಾರೊಡನೆಯಾದರೂ ಮನಸ್ತಾಪವಿದ್ದರೆ ಸಭಾಪಾಲಕರಾದ ಅಯ್ಯನವರ ಎದುರು ಇಬ್ಬರೂ ಕೈಹಿಡಿದು ರಾಜಿಯಾಗಬೇಕು. ಇಲ್ಲವಾದರೆ ಹೆಸರು ಬರೆಯುವುದಿಲ್ಲ. ಈ ಈಸ್ಟರಿನದು ಮಾಯಿಲಪ್ಪ, ಪೂವಮ್ಮರ ಮೊದಲನೆಯ ಭೋಜನ. ಪೂವಮ್ಮ ಸೀರೆ ಒಗೆದು ಗಂಜಿ ಹಾಕಿ ಮಡಿಸಿ ಇಟ್ಟುಕೊಂಡಿದ್ದಳು.

ಶನಿವಾರ ಅಯ್ಯನವರ ಜಗಲಿಯಲ್ಲಿ ಹೆಸರು ಬರೆಯಲು ಕೂತವಳು ನಾನೇ. ಮಾಯಿಲಪ್ಪ ಕೈ ತೊಳೆದುಕೊಂಡು ಬಂದ. ಅಂಗಳದಲ್ಲೇ ನಿಂತು, "ನನಗೆ ಧನಿಯ ಮೇಲೆ ಎಂತದೂ ಇಲ್ಲ. ಕೈ ಹಿಡಿತೇನೆ. ಆದರೆ ಈಸ್ಟರ್ ಕಳೆದ ಮೇಲೆ ಇಚಿಲಂಪಾಡಿಗೆ ಹೋಗುದೇ" ಎಂದ. ಸಾಲೊಮೋನಣ್ಣ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. "ಬಿಟ್ಟು ಹೋಗುವವನದ್ದು ಎಂತ ರಾಜಿ? ಸೋಮವಾರ ಗದ್ದೆಗೆ ಬರ್ತೇನೆ ಅಂತ ಹೇಳಿ ಕೈ ಹಿಡಿಲಿ. ಇಲ್ಲದಿದ್ರೆ ಹೆಸರೂ ಬೇಡ, ಗುಡಿಸಲೂ ಬೇಡ." ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಒರೆಸಲು ಕನ್ನಡಕವಾದರೂ ಇತ್ತು.

ಆಗ ಪೂವಮ್ಮ ನೇರ ನನ್ನನ್ನು ನೋಡಿದಳು. "ಓದಿದ್ದು ನೀವು. ನೀವೇ ಹೇಳಿ ಅಮ್ಮ. ನಾವು ಕೇಳಿದ ಸುದ್ದಿ ಯಾವುದು? ನೀವು ಹೇಳಿದ್ದನ್ನು ನನ್ನ ಗಂಡ ಕೇಳ್ತಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು, "ಅದು ಆತ್ಮದ ಬಿಡುಗಡೆ ಪೂವಮ್ಮ. ಗದ್ದೆಯದ್ದಲ್ಲ. ಕೈ ಹಿಡಿಯಲು ಹೇಳು" ಎಂದೆ.

ಮಾಯಿಲಪ್ಪ ಸಾಲೊಮೋನಣ್ಣನ ಕೈ ಹಿಡಿದು, ಸೋಮವಾರ ಬರುತ್ತೇನೆ ಎಂದ. ನಾನು ಎರಡು ಹೆಸರನ್ನೂ ಬರೆದುಕೊಂಡೆ. ಮರುದಿನ ಇಬ್ಬರೂ ಭೋಜನಕ್ಕೆ ಕೂತು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡರು. ಸೋಮವಾರ ಅವನು ನೀರೆತ್ತಲು ಹೋದ. ಇವತ್ತು ಬೆಳಿಗ್ಗೆ ನಾನು ಎಂದಿನಂತೆ ಓದಲು ಹೋದಾಗ ಪೂವಮ್ಮ ಚಾಪೆ ಹಾಸಿದಳು, ನೀರು ಬೆಲ್ಲ ಕೊಟ್ಟಳು, ಪೂರ್ತಿ ಕೇಳಿದಳು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನನಗೆ ನಾಚಿಕೆಯಾಗುತ್ತಿದೆ ತಮ್ಮಾ.

ಊಟ ಸರಿಯಾಗಿ ಮಾಡು. ಪರೀಕ್ಷೆಗೆಂದು ನಿದ್ದೆಗೆಡಬೇಡ. ನಮ್ಮ ತಂದೆತಾಯಿಯನ್ನು ನಡೆಸಿದವನು ನಿನ್ನನ್ನೂ ನಡೆಸಲಿ, ನನ್ನಂಥವರ ಮಾತಿನಿಂದ ನಿನ್ನನ್ನು ಕಾಪಾಡಲಿ.

ನಿನ್ನ ಅಕ್ಕ,
ದೆಬೋರ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ತಪ್ಪಿಸಿಕೊಳ್ಳಬಹುದೇ ಎಂದು ನೋಡಿದೆ. ಈ ಲಕೋಟೆಯಲ್ಲಿ ಇನ್ನೊಂದು ಕಾಗದ ಉಂಟು. ನಿನ್ನನ್ನು ಸಭಾಪಾಲಕನಾಗಿ ನೇಮಿಸಲು ನಮ್ಮ ಸಭೆಯ ಹಿರಿಯರು ಕೊಡಬೇಕಾದ ಶಿಫಾರಸು. ಅದು ಮೂರು ವಾರ ಸಾಲೊಮೋನಣ್ಣನ ಮೇಜಿನ ಮೇಲೆ ರುಜುವಿಲ್ಲದೆ ಬಿದ್ದಿತ್ತು. ಅವರು ಒಂದು ದಿನವೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಪೂವಮ್ಮ ಕೇಳಿದಾಗ ನನ್ನ ಕಣ್ಣ ಮುಂದೆ ಲೂಕನೂ ಇರಲಿಲ್ಲ, ಪೌಲನೂ ಇರಲಿಲ್ಲ. ಈ ಕಾಗದ ಇತ್ತು.

ನಿನ್ನೆ ಸಂಜೆ ಅದನ್ನು ತಂದುಕೊಟ್ಟವನು ಮಾಯಿಲಪ್ಪ. ಗದ್ದೆಯಿಂದ ನೇರ ಬಂದಿದ್ದ, ಮೈಯೆಲ್ಲ ಒದ್ದೆ. ಒದ್ದೆಯಾಗಬಾರದೆಂದು ತಲೆಯ ಮುಂಡಾಸಿನೊಳಗೆ ಇಟ್ಟುಕೊಂಡು ಬಂದಿದ್ದ. "ಧನಿ ರುಜು ಹಾಕಿದ್ರು ಅಮ್ಮ. ನಿಮ್ಮ ತಮ್ಮ ಅಯ್ಯನವರಾಗಿ ನಮ್ಮೂರಿಗೇ ಬರ್ಲಿ. ಓದಿದವರಲ್ಲವಾ, ಅವರ ಹತ್ರ ನನಗೊಂದು ಕೇಳುದುಂಟು" ಎಂದ.

ಇದನ್ನು ಅಲ್ಲಿ ಕೊಡುವುದೋ ಬಿಡುವುದೋ ನೀನು ನೋಡು. ಹರಿದು ಒಲೆಗೆ ಹಾಕಲು ನಾನು ಎರಡು ಸಲ ಕೈಗೆತ್ತಿಕೊಂಡೆ. ನನ್ನಿಂದ ಆಗಲಿಲ್ಲ.