ಅತಿಥಿ ಮೆಟ್ಟಿದ ಗೆರೆ

ಶನಿವಾರ, ಮಧ್ಯಾಹ್ನ

ನನ್ನೊಂದಿಗೆ ಮಾತು ಬಿಟ್ಟಿರುವ ನನ್ನ ಮಗಳಿಗೆ, ಅಮ್ಮನ ಪ್ರೀತಿ.

ಫೋನ್ ಮಾಡಿ ಮಾಡಿ ಸಾಕಾಯಿತು. ನೀನು ಎತ್ತದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತಿದೆ. ಫೋನಿನಲ್ಲಾಗಿದ್ದರೆ ನಾನು ವಾದಕ್ಕಿಳಿಯುತ್ತಿದ್ದೆ, ಪ್ರಾಯಶಃ ಗೆಲ್ಲುತ್ತಲೂ ಇದ್ದೆ. ಕಾಗದದಲ್ಲಿ ಬರೆದದ್ದನ್ನು ನಾನೇ ಓದಿಕೊಳ್ಳಬೇಕಾಗುತ್ತದೆ. ಮೊದಲು ಬರೆದ ಹಾಳೆಗಳಲ್ಲಿ ಸಭಾಂಗಣದ ಸೆಕೆಯಿತ್ತು, ಕಿರುಚುವ ಮೈಕಿತ್ತು, ತಡವಾಗಿ ಬಂದ ಪ್ರಿನ್ಸಿಪಾಲರಿದ್ದರು. ಎಲ್ಲರ ತಪ್ಪೂ ಇತ್ತು, ನನ್ನದೊಂದನ್ನು ಬಿಟ್ಟು. ಹರಿದು ಹಾಕಿದೆ.

ಈ ಸಲ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಅರ್ಧ ನಿನಗೆ ಗೊತ್ತು, ನೀನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಉಳಿದರ್ಧ ನೀನು ಹೊರಗೆ ಓಡಿದ ಮೇಲಿನದು.

ನೀನು ಪಾಠ ಮಾಡುವ ಕಾಲೇಜಿನಲ್ಲಿ ಮಾತಾಡಲು ನನ್ನನ್ನು ಕರೆಸಿದವಳು ನೀನೇ. ಪೋಸ್ಟರಿನಲ್ಲಿ ದೊಡ್ಡ ದೊಡ್ಡ ಮಾತುಗಳಿದ್ದವು: ಮನಸ್ಸಿನ ಗಾಯ, ನಮ್ಮ ನಮ್ಮ ಎಲ್ಲೆ, ಜೊತೆ ನಿಲ್ಲುವುದು, ಧೈರ್ಯದ ನಾಯಕತ್ವ. ನನಗೆ ಒಳಗೊಳಗೇ ನಗು ಬಂದಿತ್ತು. ಟೆಲಿಫೋನ್ ಆಫೀಸಿನಲ್ಲಿ, ಮೇಲಧಿಕಾರಿ ಒಬ್ಬೊಬ್ಬರನ್ನೇ ಒಳಗೆ ಕರೆಸಿಕೊಂಡಾಗ ಹೊರಗಿನವರಿಗೆ ಕಾಣಲೆಂದು ಅವನ ಕೋಣೆಯ ಬಾಗಿಲಿಗೆ ಗಾಜು ಹಾಕಿಸುವ ತನಕ ಕೆಲಸಕ್ಕೆ ಕೂರುವುದಿಲ್ಲವೆಂದು ನಾವು ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತಾಗ ಇದಕ್ಕೆಲ್ಲ ಹೆಸರೇ ಇರಲಿಲ್ಲ. ಗಾಜು ಬಂತು. ಆ ಗಾಜಿನ ಹೆಮ್ಮೆಯಲ್ಲೇ ನಾನು ನಿಮ್ಮ ವೇದಿಕೆ ಹತ್ತಿದ್ದು.

ಭಾಷಣ ಬೇಡಮ್ಮ, ನಮ್ಮ ಕ್ಲಾಸಿನ ಆಟ ಆಡಿಸು ಎಂದು ನೀನು ಹೇಳಿಕೊಟ್ಟಿದ್ದೆ. ಪ್ರತಿಯೊಬ್ಬಳೂ ತನ್ನ ಕುರ್ಚಿಯ ಸುತ್ತ ಸೀಮೆಸುಣ್ಣದಲ್ಲಿ ತನಗೆ ಬೇಕಾದಷ್ಟು ದೊಡ್ಡ ಸುತ್ತು ಬರೆಯಬೇಕು. ಕೇಳದೆ ಯಾರೂ ಒಳಗೆ ಬರುವಂತಿಲ್ಲ, ಮೇಷ್ಟರೂ ಸಹ. ಯಾರಾದರೂ ದಾಟಿದರೆ, ನೋಡಿದವರು ಗಟ್ಟಿಯಾಗಿ ‘ಗೆರೆ’ ಅನ್ನಬೇಕು. ದಾಟಿದವರು ವಾದ ಮಾಡದೆ ಹಿಂದೆ ಸರಿಯಬೇಕು. ಇಷ್ಟೇ. ನಾನು ತಲೆಯಾಡಿಸಿದ್ದೆ. ನಿಯಮ ಹುಡುಗಿಯರಿಗೆ ಅಂದುಕೊಂಡಿದ್ದೆ, ನನಗಲ್ಲ.

ಚೆನ್ನಾಗಿಯೇ ಶುರುವಾಯಿತು. ಪೆಟ್ಟು ತಿಂದವರನ್ನು ಏನಾಯ್ತು, ಯಾರು ಅಂತ ಕೆದಕಬೇಡಿ, ಪಕ್ಕದಲ್ಲಿ ನಿಂತರೆ ಸಾಕು ಎಂದೆ. ಹುಡುಗಿಯರು ಬರೆದುಕೊಂಡರು. ನೀನು ನನ್ನ ಕಡೆ ನೋಡಿ ನಕ್ಕೆ. ಎಷ್ಟೋ ದಿನಗಳ ಮೇಲೆ ನೀನು ನನ್ನನ್ನು ಹಾಗೆ ನೋಡಿದ್ದು.

ಆಮೇಲೆ ಕಿಟಕಿ ಪಕ್ಕದ ಆ ಹುಡುಗಿ ನನ್ನ ಕಣ್ಣಿಗೆ ಬಿದ್ದಳು. ಎಲ್ಲರದೂ ಗಾಡಿಯ ಚಕ್ರದಷ್ಟು ಸುತ್ತಾದರೆ ಅವಳದು ಗೋಡೆಗೆ ತಾಗುವಷ್ಟು. ಕುರ್ಚಿಯನ್ನು ನಡುವಿಗೆ ಎಳೆದುಕೊಂಡು ಕೈ ಮಡಚಿ ಕೂತಿದ್ದಳು. ನನ್ನ ಎದೆಯೊಳಗೆ ಹಳೆಯ ಸಿಟ್ಟು ಭಗ್ಗೆಂದಿತು. ಯಾವನೋ ಇವಳಿಗೆ ಏನೋ ಮಾಡಿದ್ದಾನೆ, ಇವತ್ತು ಇಲ್ಲೇ ಅವನ ಹೆಸರು ಹೊರಗೆ ಬರಬೇಕು ಅನ್ನಿಸಿತು. ಮೈಕು ಹಿಡಿದುಕೊಂಡೇ ಹೋದೆ. ಸೀದಾ ಒಳಗೆ ಕಾಲಿಟ್ಟು ಅವಳ ಭುಜದ ಮೇಲೆ ಕೈಯಿಟ್ಟೆ. “ಇಷ್ಟು ದೊಡ್ಡ ಸುತ್ತು ಯಾಕೆ ಕಂದಾ? ಯಾರಿಗೆ ಹೆದರ್ತಿದೀಯ? ಹೇಳು, ನಾನಿದೀನಿ,” ಎಂದು ಮೈಕನ್ನು ಅವಳ ಬಾಯಿಗೆ ಹಿಡಿದೆ. ಅವಳ ಉಸಿರು ಮಾತ್ರ ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸಿತು. ಆ ಸದ್ದು ಈಗ ಅಡುಗೆ ಮನೆಯಲ್ಲಿ ಕುಕ್ಕರ್ ಉಸಿರಾಡುವಾಗಲೂ ನನಗೆ ಕೇಳಿಸುತ್ತದೆ.

ಆಗ ನೀವೆಲ್ಲ ‘ಗಂಟೆ’ ಎಂದು ಕರೆಯುವ ನಿಮ್ಮ ವಿದ್ಯಾರ್ಥಿ ನಾಯಕಿ ಎದ್ದು ನಿಂತಳು.

“ಗೆರೆ, ಮೇಡಂ.”

ನಾನು ತಿರುಗಿಯೂ ನೋಡಲಿಲ್ಲ. ಮತ್ತೆ ಅಂದಳು: “ಮೇಡಂ, ಗೆರೆ ಒಳಗಿದೀರ. ಆಚೆ ಬನ್ನಿ.”

ನಾನು ಏನಂದೆ ಎಂದು ನಿನಗೆ ನೆನಪಿದೆ. “ನೀನು ಹುಟ್ಟೋಕೆ ಮುಂಚೆ ಗೆರೆ ಎಳೆದೋಳು ನಾನು. ಕೂತ್ಕೋ ಮರಿ, ಕಾಲು ನೋಯುತ್ತೆ.” ಸಭೆಯೆಲ್ಲ ನಕ್ಕಿತು. ಜನರನ್ನು ನಗಿಸುವುದು ನನಗೆ ಚೆನ್ನಾಗಿ ಬರುತ್ತದೆ. ಅವಳು ಕೂರಲಿಲ್ಲ. “ನೋಯಲ್ಲ ಮೇಡಂ. ನೀವು ಆಚೆ ಬಂದ ಮೇಲೆ ಕೂರ್ತೀನಿ,” ಎಂದಳು. ಅವಳು ಕಣ್ಣು ತಗ್ಗಿಸಲಿಲ್ಲ.

ಅಷ್ಟರಲ್ಲಿ ಕಿಟಕಿ ಪಕ್ಕದವಳು ನನ್ನ ಕೈಯನ್ನು ಭುಜದಿಂದ ಸರಿಸಿ, ಚೀಲವನ್ನೂ ತೆಗೆದುಕೊಳ್ಳದೆ ಹೊರಗೆ ಹೋದಳು. ಅವಳ ಹಿಂದೆ ನೀನೂ ಓಡಿದೆ. ಇನ್ನು ಮುಂದಿನದು ನೀನು ಕಾಣದ್ದು.

ನಾನು ವೇದಿಕೆಗೆ ವಾಪಸು ಬಂದೆ. ತಪ್ಪಾಯಿತೆಂದು ನನಗೆ ಆಗಲೇ ಗೊತ್ತಿತ್ತು ಮಗಳೇ, ಮನೆಗೆ ಬಂದ ಮೇಲೆ ಗೊತ್ತಾದದ್ದಲ್ಲ. ಅಲ್ಲೇ ಮೈಕಿನಲ್ಲಿ ಒಂದು ಮಾತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅದರ ಬದಲು ಗಂಟೆಯ ಕಡೆ ಕೈ ತೋರಿಸಿ, “ನೋಡಿದ್ರಾ, ಪಾಪ ಆ ಮಗು ಬಾಯಿ ಬಿಡೋದರಲ್ಲಿತ್ತು. ನಿಮ್ಮ ನಾಯಕಿ ಗದ್ದಲ ಎಬ್ಬಿಸಿ ಓಡಿಸಿಬಿಟ್ಟಳು. ಗಟ್ಟಿಯಾಗಿ ಕೂಗೋದೇ ನಾಯಕತ್ವ ಅಲ್ಲ,” ಎಂದೆ. ಚಪ್ಪಾಳೆ ಬಿತ್ತು. ಪ್ರಿನ್ಸಿಪಾಲರೂ ತಟ್ಟಿದರು. ಆಮೇಲೆ ಗಾಜಿನ ನೆನಪಿನ ಕಾಣಿಕೆ ಕೊಟ್ಟರು, ನಾನು ಅದನ್ನೂ ತೆಗೆದುಕೊಂಡೆ. ಈಗ ಅದು ಕಪಾಟಿನಲ್ಲಿ ಹಳೆ ಹೊದಿಕೆಗಳ ಹಿಂದಿದೆ.

ಮಾರನೆಯ ದಿನ ಪ್ರಿನ್ಸಿಪಾಲರ ಫೋನ್ ಬಂತು. ಹುಡುಗಿಯ ಉದ್ಧಟತನಕ್ಕೆ ಕ್ಷಮೆ ಕೇಳಿದರು. ಕ್ರಮ ತೆಗೆದುಕೊಳ್ಳುತ್ತೇವೆ ಎಂದರು. ನಾನು ಬೇಡ ಅನ್ನಲಿಲ್ಲ.

ನಿನ್ನಿಂದ ಬಂದ ಒಂದೇ ಸಂದೇಶ ಓದಿದ್ದೇನೆ. “ಗಂಟೆ ಸೋಮವಾರದೊಳಗೆ ನಿನ್ನ ಕ್ಷಮೆ ಕೇಳದಿದ್ರೆ ನಾಯಕಿ ಸ್ಥಾನದಿಂದ ತೆಗೀತಾರೆ. ತಪ್ಪು ಮಾಡಿಲ್ಲ, ಕೇಳಲ್ಲ ಅಂತಿದಾಳೆ. ಅವಳ ಪರ ಮಾತಾಡೋಕೆ ಹೋದ್ರೆ, ನಿಮ್ಮಮ್ಮನಿಗೇ ನೋವಾಗಿದೆಯಲ್ಲ ಅಂದ್ರು. ನಿನಗೆ ಸಮಾಧಾನ ಆಯ್ತಾ ಅಮ್ಮ?” ಇದಕ್ಕೆ ಉತ್ತರ ಕೊಡಲು ಈ ಕಾಗದ ಬೇಕಾಯಿತು.

ಸಮಾಧಾನ ಆಗಿಲ್ಲ. ನೀರು ಬರದಿದ್ದರೆ, ಬಸ್ಸು ನಿಲ್ಲಿಸದಿದ್ದರೆ ಪತ್ರಿಕೆಗೆ ಬರೆದು ಮಂತ್ರಿಗಳನ್ನೇ ಜಾಡಿಸಿದವಳು ನಾನು. ಯಾರು ಯಾವಾಗ ಯಾರನ್ನು ತುಳಿದರೆಂದು ನನಗೆ ಬಾಯಿಪಾಠ. ಈಗ ಅದೇ ಪಟ್ಟಿಯಲ್ಲಿ ನಾನೂ ಇದ್ದೇನೆ. ನಿಮ್ಮಪ್ಪ ಪೇಪರಿನ ಹಿಂದಿನಿಂದ, “ಊರೆಲ್ಲ ಜಾಡಿಸೋ ಬಾಯಿಗೆ ಯಾರು ಬೀಗ ಹಾಕಿದ್ರು?” ಎಂದು ಕೇಳಿದರು. ಹೇಳಿದೆ. ಪೇಪರ್ ಕೆಳಗಿಟ್ಟರು. “ಆ ನಾಯಕಿ ಹುಡುಗಿ ನಿನ್ನ ಥರಾನೇ ಇದಾಳಲ್ಲೇ,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೋಮವಾರ ಬೆಳಿಗ್ಗೆ ನಿನ್ನ ಕಾಲೇಜಿಗೆ ಬರುತ್ತೇನೆ. ಪ್ರಿನ್ಸಿಪಾಲರ ಮುಂದೆ, ಗಂಟೆ ಒಪ್ಪಿದರೆ ಅದೇ ಸಭಾಂಗಣದಲ್ಲಿ ಅಷ್ಟೂ ಹುಡುಗಿಯರ ಮುಂದೆ, ಅಲ್ಲಿ ನಾಯಕಿಯ ಕೆಲಸ ಮಾಡಿದವಳು ಅವಳು, ತಪ್ಪು ಮಾಡಿದವಳು ನಾನು ಎನ್ನುತ್ತೇನೆ. ನಿನ್ನ ಸಹೋದ್ಯೋಗಿಗಳ ಮುಂದೆ ನಿನ್ನ ತಾಯಿ ತಲೆ ತಗ್ಗಿಸುವುದು ನಿನಗೆ ಕಷ್ಟವಾಗಬಹುದು. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕದೆ ನಿಮ್ಮಪ್ಪನ ಕೈಯಲ್ಲಿ ಇವತ್ತೇ ಕಳಿಸಿ ಮುಂಚೆ ತಿಳಿಸುತ್ತಿದ್ದೇನೆ.

ಕಿಟಕಿ ಪಕ್ಕದ ಹುಡುಗಿಯ ಹಾಸ್ಟೆಲಿಗೆ ಹೋಗಿ ಕೈ ಹಿಡಿದು ಕ್ಷಮೆ ಕೇಳಬೇಕೆಂದು ಜೀವ ಒದ್ದಾಡುತ್ತದೆ. ಹೋಗುವುದಿಲ್ಲ. ಅದು ನನ್ನ ತಪ್ಪಿನ ಭಾರ ಇಳಿಸಿಕೊಳ್ಳಲಿಕ್ಕೆ, ಅವಳಿಗಾಗಿ ಅಲ್ಲ. ಅವಳು ತಾನಾಗಿ ಏನಾದರೂ ಕೇಳಿದರೆ, ಆ ಹೆಂಗಸಿಗೆ ನಾಚಿಕೆಯಾಗಿದೆ ಎಂದಷ್ಟೇ ಹೇಳು. ಕೇಳದಿದ್ದರೆ ನನ್ನ ಸುದ್ದಿಯನ್ನೇ ಎತ್ತಬೇಡ.

ಊಟ ಬಿಡಬೇಡ. ಸಿಟ್ಟು ಬಂದಾಗ ನೀನು ಊಟ ಬಿಡುತ್ತೀಯ, ಅದೂ ನನ್ನಿಂದಲೇ ಬಂದ ಬುದ್ಧಿ.

ತಲೆಯೆತ್ತಲಾರದೆ,
ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಪ್ರಿನ್ಸಿಪಾಲರ ಫೋನ್ ಬಂತು ಎಂದು ಮೇಲೆ ಬರೆದೆನಲ್ಲ, ಸುಳ್ಳು. ಫೋನ್ ಮಾಡಿದವಳು ನಾನು. ಅವರು, ಹೋಗಲಿ ಬಿಡಿ ಮೇಡಂ, ಹುಡುಗು ಬುದ್ಧಿ, ಎಂದಿದ್ದರು. ಇಂಥವಳು ನಾಯಕಿಯಾಗಿರಲು ತಕ್ಕವಳಲ್ಲ, ಈಗಲೇ ತೆಗೆಯಿರಿ, ಇಲ್ಲವಾದರೆ ಪತ್ರಿಕೆಗೆ ಬರೆಯುತ್ತೇನೆ ಎಂದವಳು ನಾನೇ. ಸಹಿ ನೋಡಿ ನೀನು ಕಾಗದ ಮಡಚಿಬಿಡುತ್ತೀಯ ಎಂಬ ಆಸೆಯಿತ್ತು. ಸೋಮವಾರ ಇದನ್ನೇ ಮೊದಲು ಹೇಳುತ್ತೇನೆ.