ಪ್ಯಾಂಟಿನ ಮಡಿಕೆಯಲ್ಲಿ ಊರು ಸುತ್ತಿದ ಕಳೆ

ನಮ್ಮ ಲಾಂಡ್ರಿಯ ಹಿಂದಿನ ಕೋಣೆ
ಹದಿನೇಳನೇ ತಾರೀಖು, ಬುಧವಾರ ಬೆಳಿಗ್ಗೆ

ನನ್ನ ಮುದ್ದು ಹಟಮಾರಿಗೆ,

ಹೇಗಿದ್ದೀಯ ಮಗಳೇ? ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ತಲೆನೋವು ಕಡಿಮೆಯಾಯಿತೇ? ಇಲ್ಲಿ ನನ್ನ ಮಂಡಿನೋವು ಹಾಗೇ ಇದೆ, ನಿಮ್ಮಪ್ಪನ ಗೊರಕೆಯೂ ಹಾಗೇ ಇದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಪೂರ್ತಿ ಓದು.

ಹೋದ ವಾರ ನೀನು ಅತ್ತದ್ದು ನನ್ನ ಕಿವಿಯಿಂದ ಹೋಗಿಲ್ಲ. "ಹಳದಿ ಪೀಡೆ ಕಳೆ ಮುಂದೆ ಎಲ್ಲಿ ಹುಟ್ಟುತ್ತೆ ಅಂತ ಇಪ್ಪತ್ತೆರಡನೇ ತಾರೀಖು ಸೋಮವಾರದೊಳಗೆ ಹೇಳದಿದ್ರೆ ನಕ್ಷೆ ಕೆಲಸ ಬೇರೆಯವರಿಗಂತೆ ಅಮ್ಮ" ಎಂದೆ. ಗಾಳಿ ಬೀಸುವುದು ಒಂದು ಕಡೆ, ಕಾಲುವೆ ಹರಿಯುವುದು ಇನ್ನೊಂದು ಕಡೆ, ಆ ಕಳೆ ಮಾತ್ರ ಎರಡನ್ನೂ ಬಿಟ್ಟು ದಿಬ್ಬ ಹತ್ತಿ ಹುಟ್ಟುತ್ತದೆ, ನಿನ್ನ ನಕ್ಷೆ ನೋಡಿ ಸಾಹೇಬರು ನಗುತ್ತಾರೆ ಎಂದೆಯಲ್ಲ? ಇನ್ನು ನಗಲಿ ನೋಡೋಣ. ಶನಿವಾರ ಕಳೆ ಕೀಳುವವರ ಸಮವಸ್ತ್ರ ಒಗೆಯಲು ಬಂತು. ಯಾವಾಗಿನಂತೆ ಪ್ಯಾಂಟುಗಳ ಕಾಲಿನ ಮಡಿಕೆ ಬಿಡಿಸಿ ಕೊಡವಿದೆ. ಮಣ್ಣಿನ ಜೊತೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜಗಳು ಉದುರಿದವು. ಇಷ್ಟು ವರ್ಷ ಅದನ್ನು ಬರೀ ಕಸ ಅಂದುಕೊಂಡಿದ್ದೆ. ಈ ಸಲ ನಿನ್ನ ಅಳು ನೆನಪಾಗಿ ಕನ್ನಡಕ ಹಾಕಿಕೊಂಡು ನೋಡಿದೆ. ನೀನು ತೋರಿಸಿದ್ದ ಚಿತ್ರದಲ್ಲಿದ್ದ ಬೀಜವೇ, ಮಗಳೇ.

ಅವರ ಮೇಸ್ತ್ರಿಯನ್ನು ಕರೆದು, ಎರಡು ತಿಂಗಳ ಹಿಂದೆ ಕಾಲುವೆಯ ದಡದಲ್ಲಿ ಈ ಕಳೆ ಕಿತ್ತ ಮೇಲೆ ಹುಲ್ಲು ಕತ್ತರಿಸಲು ಎಲ್ಲೆಲ್ಲಿಗೆ ಹೋದಿರಿ ಎಂದು ಕೇಳಿದೆ. ಆಸ್ಪತ್ರೆಯ ಹಿಂದಿನ ದಿಬ್ಬ, ನೀರಿನ ಟ್ಯಾಂಕಿನ ಬೇಲಿ, ಬಸ್ ಡಿಪೋ ಎಂದರು. ಮೂರೂ ಕಡೆ ಹಳದಿ ಪೀಡೆ ಹುಟ್ಟಿರುತ್ತದೆ ಎಂದೆ. "ಅಕ್ಕಾ, ನೀವು ಇಸ್ತ್ರಿ ಮಾಡಿ, ಶಾಸ್ತ್ರ ಹೇಳ್ಬೇಡಿ" ಎಂದು ನಕ್ಕರು. ಬಿಡಲಿಲ್ಲ, ಈ ಮಂಡಿ ಇಟ್ಟುಕೊಂಡೇ ಅವರನ್ನು ಎಳೆದುಕೊಂಡು ಹೋದೆ. ದಿಬ್ಬದಲ್ಲಿ ಹನ್ನೊಂದು ಸಸಿ. ಟ್ಯಾಂಕಿನ ಬೇಲಿಯ ಬುಡದಲ್ಲಿ ನಾಲ್ಕು. ಡಿಪೋದಲ್ಲಿ ಅವರು ಕೂತು ಊಟ ಮಾಡುವ ಕಟ್ಟೆಯ ಸುತ್ತ ಲೆಕ್ಕವೇ ಇಲ್ಲ. ಮೇಸ್ತ್ರಿ ಆ ಕಟ್ಟೆಯ ಮೇಲೇ ಕೂತು ತಮ್ಮ ಪ್ಯಾಂಟಿನ ಮಡಿಕೆ ಬಿಡಿಸಿ ನೋಡಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದರೆ ನಿನ್ನ ಗಾಳಿಯ ಲೆಕ್ಕ ಏನು ಮಾಡೀತು? ನನಗಂತೂ ರಸ್ತೆಯಲ್ಲೇ ಕುಣಿಯಬೇಕು ಅನ್ನಿಸಿತು.

ಈಗ ಪೆನ್ಸಿಲ್ ತಗೋ. ಹೋದ ವಾರ ಅವರು ಮತ್ತೆ ಕಾಲುವೆಯ ಕಳೆ ಕಿತ್ತು ನೇರ ಹೋದದ್ದು ಶಾಲೆಯ ಮೈದಾನಕ್ಕೆ. ಎರಡು ಮಳೆ ಬಿದ್ದರೆ ಮುಂದೆ ಹುಟ್ಟುವುದು ಅಲ್ಲೇ. ಸೋಮವಾರ ಅದನ್ನು ಗಟ್ಟಿಯಾಗಿ ಹೇಳು. ಈ ಕಾಗದವನ್ನು ಮೇಸ್ತ್ರಿಯೇ ತರುತ್ತಿದ್ದಾರೆ, ಸಾಹೇಬರ ಮುಂದೆ ಸಾಕ್ಷಿ ಹೇಳುತ್ತಾರಂತೆ. ಉದುರಿದ ಬೀಜ ತುಂಬಿಟ್ಟ ಬಾಟಲಿಯೂ ಅವರ ಕೈಯಲ್ಲಿದೆ, ಮುಚ್ಚಳ ತೆಗೆಯಬೇಡ. ಅವರ ಪ್ಯಾಂಟಿನ ಮಡಿಕೆ ಬಿಚ್ಚಿಯೇ ಬಸ್ಸು ಹತ್ತಿಸುತ್ತಿದ್ದೇನೆ.

ನೀನು ಸೋತು ಬರುವ ಮಗಳಲ್ಲ. ಚೆನ್ನಾಗಿರು, ತಲೆಗೆ ಎಣ್ಣೆ ಹಚ್ಚಿಕೋ, ಗೆದ್ದು ಬಾ.

ನಿನ್ನ
ಅಮ್ಮ

ಮರೆತೆ, ಇಲ್ಲ, ಬರೆಯಲು ಹೆದರಿದ್ದೆ. ಕಳೆ ಕೀಳುವವರಿಗೆಲ್ಲ ಒಂದೇ ಅಳತೆಯ ಉದ್ದ ಪ್ಯಾಂಟು ಬಂದಾಗ ಮಡಿಚಿ ಹೊಲಿದುಕೊಟ್ಟವಳು ನಾನೇ. ನಮ್ಮ ಹಿತ್ತಲ ಮೋರಿಯ ಪಕ್ಕ ಹಳದಿ ಹೂವಿನ ಪೊದೆ ಇದೆಯಲ್ಲ, ನೀನು ಚಿಕ್ಕವಳಿದ್ದಾಗ ಜಡೆಗೆ ಮುಡಿಸುತ್ತಿದ್ದೆನಲ್ಲ, ಅದೂ ಇದೇ. ಆ ಮಡಿಕೆಗಳನ್ನು ಅಲ್ಲೇ ಕೊಡವುತ್ತಿದ್ದೆ, ಹೂವು ಚೆಂದ ಎಂದು ನೀರೂ ಹಾಕಿದೆ. ಇವತ್ತು ಬೆಳಿಗ್ಗೆ ಬೇರುಸಮೇತ ಕಿತ್ತೆ. ನಕ್ಷೆಯಲ್ಲಿ ನಮ್ಮ ಮನೆಗೂ ಒಂದು ಚುಕ್ಕೆ ಇಡು, ಕೆಂಪು ಶಾಯಿಯಲ್ಲೇ ಇಡು. ಅಮ್ಮ ಅಂತ ಬಿಡಬೇಡ.